ತಾತನ ರೋಡ್‌ಕಿಂಗ್, ಟ್ಯಾಂಕಿನ ತೂತು ಮತ್ತು 1,800 ರೂಪಾಯಿ

ಬನ್ನಿ ಬನ್ನಿ, ನಮಸ್ಕಾರ. ಮಧ್ಯೆ ಮಧ್ಯೆ ಕುಕ್ಕರ್ ಕೂಗುತ್ತದೆ, ಸಹಿಸಿಕೊಳ್ಳಿ. ಈ ತುಕ್ಕಿನ ರಾಶಿ ನಮ್ಮಪ್ಪನ ಯೆಜ್ಡಿ ರೋಡ್‌ಕಿಂಗ್, 1986ರ ಬೈಕು. ಮೈಸೂರಿನ ಸರಸ್ವತಿಪುರಂ ಮನೆಯ ಹಿತ್ತಲಲ್ಲಿ ಗೋಣಿಚೀಲ ಹೊದ್ದು ಮಲಗಿತ್ತು. ಮಕ್ಕಳನ್ನು ಬೇಸಿಗೆ ಕ್ಯಾಂಪಿಗೆ ಕಳಿಸೋಣ ಅಂದುಕೊಂಡಿದ್ದೆ, ಫೀಸು ಕೇಳಿದ ಮೇಲೆ ತಾತನ ಜೊತೆ ಇದನ್ನು ರಿಪೇರಿ ಮಾಡೋದೇ ಕ್ಯಾಂಪು ಅಂತ ಆಯಿತು.

ಗಾಡಿ ಬಿಚ್ಚುವ ವಿಡಿಯೋವನ್ನು ವೇಗವಾಗಿ ಓಡಿಸಿದ್ದೇನೆ, ನೀವೇ ನೋಡಿ. ನಟ್ಟು ಬೋಲ್ಟೆಲ್ಲ ಇಡ್ಲಿ ತಟ್ಟೆಯಲ್ಲಿ, ಒಂದೊಂದು ಗುಳಿಗೂ ಒಂದೊಂದು ಚೀಟಿ. ದೊಡ್ಡವಳ ತಲೆ ಅದು. ತಟ್ಟೆ ಮಾತ್ರ ನನ್ನದು, ಕೇಳಿದವರಿಲ್ಲ. ಚಿಕ್ಕವನು ಅಲ್ಲಿ ಸ್ಕ್ರೂ ಜೊತೆ ಕುಸ್ತಿಗೆ ಬಿದ್ದಿದ್ದಾನೆ. ಅಪ್ಪ ಕೂತಲ್ಲಿಂದಲೇ, "ಜೋರು ಮಾಡಬೇಡ ಕಂದ, ತಲೆ ಸವೆದರೆ ಕೊರೆದೇ ತೆಗೀಬೇಕು. ಎಣ್ಣೆ ಬಿಡು, ನಾಳೆ ನೋಡು" ಅಂದರು. ನಾಳೆ ಅನ್ನೋದು ಏಳು ವರ್ಷದವನಿಗೆ ಎಲ್ಲಿ ಅರ್ಥ ಆಗುತ್ತೆ! ಆದರೆ ಮಾರನೇ ದಿನ ಸ್ಕ್ರೂ ಬಿಚ್ಚಿ ಬಂತು ನೋಡಿ, ಸಲೀಸಾಗಿ.

"ತಾತ, ಎರಡು ಸೈಲೆನ್ಸರ್ ಇದೆಯಲ್ಲ, ಎಂಜಿನ್ನೂ ಎರಡಾ?" ಅಂತ ಕೇಳಿದ. ಒಳ್ಳೇ ಪ್ರಶ್ನೆ. ಸಿಲಿಂಡರ್ ಒಂದೇ, 250 ಸಿಸಿ, ಹೊಗೆ ಹೋಗೋ ದಾರಿ ಎರಡು. ಕಿಕ್ ಹೊಡೆಯೋದೂ ಗೇರ್ ಹಾಕೋದೂ ಒಂದೇ ಲಿವರ್. ಈ ಗಾಡಿ ಹುಟ್ಟಿದ್ದು ಇಲ್ಲೇ ಯಾದವಗಿರಿಯಲ್ಲಿ, ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ. 1961ರಲ್ಲಿ ಗಾಡಿ ಮಾಡಲು ಶುರು ಮಾಡಿ 1996ರಲ್ಲಿ ಬಾಗಿಲು ಹಾಕಿತು. ಮೈಸೂರು ಅಂದರೆ ಪಾಕು, ರೇಷ್ಮೆ, ಮಲ್ಲಿಗೆ ಅಂತ ಎಲ್ಲರೂ ಹೇಳುತ್ತಾರೆ, ಬೈಕ್ ಯಾಕೆ ಯಾರೂ ಹೇಳಲ್ಲ? ನನಗೆ ಅದು... ಅಯ್ಯೋ, ಶಾಟ್ ಮುಗಿಯಿತು. ಟ್ಯಾಂಕ್, ಟ್ಯಾಂಕ್.

ಟ್ಯಾಂಕಿನ ಒಳಗೆಲ್ಲ ತುಕ್ಕು. ಹಳೇ ಪೆಟ್ರೋಲ್ ಅಪ್ಪನೇ ಬಗ್ಗಿಸಿ ತೆಗೆದರು, ಆ ಕೆಲಸಕ್ಕೆ ಮಕ್ಕಳನ್ನು ಹತ್ತಿರ ಬಿಡಲಿಲ್ಲ. ಆಮೇಲೆ ವಿನೆಗರ್ ಸುರಿದು, ಒಂದು ಹಿಡಿ ಸಣ್ಣ ನಟ್ಟು ಹಾಕಿ, ಇಬ್ಬರೂ ಸೇರಿ ಕುಲುಕಿದ್ದೇ ಕುಲುಕಿದ್ದು. ಪಕ್ಕದ ಮನೆಯವರು ಬಂದು ನೋಡಿಕೊಂಡು ಹೋದರು. ಕೊನೆಗೆ ಸೋಡಾಪುಡಿ ನೀರಲ್ಲಿ ತೊಳೆದದ್ದು, ಇಲ್ಲದಿದ್ದರೆ ಉಳಿದ ಹುಳಿಗೇ ಮತ್ತೆ ತುಕ್ಕು. ಒಳಗೆ ಫಳಫಳ ಅಂತಿತ್ತು. ಇಬ್ಬರೂ ಕುಣಿದರು. ಕುಣಿಯುತ್ತಿದ್ದಾಗಲೇ ಕೆಳಗಿಂದ ತೊಟ್ಟಿಕ್ಕಲು ಶುರು. ಇಷ್ಟು ದಿನ ಆ ತೂತು ಮುಚ್ಚಿದ್ದದ್ದೇ ತುಕ್ಕು!

ಮೊದಲನೇ ವೆಲ್ಡಿಂಗ್ ಅಂಗಡಿಯವರು ಮುಟ್ಟುವುದೇ ಇಲ್ಲ ಅಂದರು. ಪೆಟ್ರೋಲ್ ಖಾಲಿಯಾದರೂ ಆವಿ ಒಳಗೇ ಇರುತ್ತೆ, ಒಂದು ಕಿಡಿ ಸಾಕು. ಸರಿ, ನ್ಯಾಯವೇ. ಇನ್ನೊಬ್ಬರು 1,800 ಕೇಳಿದರು. ಗುಂಡುಸೂಜಿ ತಲೆಯಷ್ಟು ತೂತಿಗೆ ಸಾವಿರದ ಎಂಟುನೂರು! ಮಾತಾಡಿದರೆ, "ಬೇಡ ಬಿಡಿ ಮೇಡಂ, ಹೊಸಾ ಟ್ಯಾಂಕೇ ತಗೊಳ್ಳಿ" ಅಂತಾರೆ. ಲೂಟಿ ಅಂತ ಗೊಣಗುತ್ತಾ ಅಲ್ಲೇ ನಿಂತೆ. ಅವರು ಟ್ಯಾಂಕನ್ನು ಬಿಸಿನೀರಲ್ಲಿ ಮತ್ತೆ ಮತ್ತೆ ತೊಳೆದರು, ಮುಚ್ಚಳ ಭದ್ರ ಮಾಡಿ ಮಗುಚಿದರು, ಪೆಟ್ರೋಲ್ ಕಾಕ್, ಅಂದರೆ ಪೆಟ್ರೋಲ್ ಬಿಡೋ ನಲ್ಲಿ, ಇದ್ದ ತೂತಿನಿಂದ ನೀರು ತುಂಬಿಸಿದರು, ಮೇಲೆ ಸ್ವಲ್ಪವೇ ಜಾಗ. ಆವಿ ಕೂರಲು ಜಾಗ ಇರಬಾರದಲ್ಲ. ಆಮೇಲೆ ಹಿತ್ತಾಳೆ ಕಡ್ಡಿ ಕರಗಿಸಿ ತೂತಿಗೆ ಬೆಸುಗೆ, ಅದಕ್ಕೆ ಬ್ರೇಜಿಂಗ್ ಅಂತಾರೆ. ದೊಡ್ಡವಳು ದೂರದಿಂದ, ಕನ್ನಡಕ ಹಾಕಿಕೊಂಡು, ಕಣ್ಣು ಮಿಟುಕಿಸದೆ ನೋಡಿದಳು. ಸರಿ, ಲೂಟಿ ಅಲ್ಲ. ಜಾಸ್ತಿಯಂತೂ ಹೌದು. ಚೌಕಾಸಿ ಮಾಡಿ 1,500 ಕೊಟ್ಟೆ.

ಇದು ಆಯಿಲ್ ಲೆಕ್ಕ. ಟೂ ಸ್ಟ್ರೋಕ್ ಅಲ್ವಾ, ಪೆಟ್ರೋಲಿಗೇ ಆಯಿಲ್ ಬೆರೆಸಬೇಕು. ಅಪ್ಪನ ಅಳತೆ ಲೀಟರಿಗೆ 40 ಎಂಎಲ್. ಮೂರೂವರೆ ಲೀಟರಿಗೆ ಎಷ್ಟು ಅಂದರೆ ಚಿಕ್ಕವನು ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದು 140 ಅಂದ. ಪುಸ್ತಕದಲ್ಲಿ ಇದೇ ಲೆಕ್ಕ ಕೊಟ್ಟರೆ ಹೊಟ್ಟೆನೋವು ಬರುತ್ತೆ ಅವನಿಗೆ.

ಕ್ರೋಮ್ ಗಿಲೀಟು ದುಡ್ಡು ದಂಡ, ಬೇಡವೇ ಬೇಡ ಅಂತ ಹೋದ ವಿಡಿಯೋದಲ್ಲಿ ಹೇಳಿದ್ದೆ. ಸೈಲೆನ್ಸರ್ ತೊಳೆದು ನೋಡಿದ ಮೇಲೆ ಬೇಕು ಅನಿಸುತ್ತಿದೆ, ರೇಟು ವಿಚಾರಿಸುತ್ತೇನೆ. ಬಣ್ಣದ ವಿಷಯಕ್ಕೆ ಮನೆಯಲ್ಲಿ ಎರಡು ಪಾರ್ಟಿ ಆಗಿದೆ, ಅಪ್ಪ ಕಪ್ಪು, ಮಕ್ಕಳು ಕೆಂಪು. ನಿಮ್ಮ ಓಟು ಕೆಳಗೆ ಹಾಕಿ. ಏ ಮರಿ, ಗ್ರೀಸ್ ಕೈಯಲ್ಲಿ ಕ್ಯಾಮೆರಾ ಮುಟ್ಟಬೇಡ...