ಡಾಲ್ಮೇಷಿಯನ್ ಮೂತ್ರಕಲ್ಲು: ಒಂದು ಜೀನ್, ಒಂದು ಪಾಯಿಂಟರ್, 38 ವರ್ಷದ ಜಗಳ

[ದೃಶ್ಯ: ಗೇಟಿನ ಕಂಬದ ಪಕ್ಕ ಕಾಲೆತ್ತಿ ನಿಂತ ಗಂಡು ಡಾಲ್ಮೇಷಿಯನ್]

ನಮಸ್ಕಾರ. ಈ ನಾಯಿಯನ್ನು ಸರಿಯಾಗಿ ನೋಡಿ. ಕಾಲೆತ್ತಿ ಆಗಲೇ ಒಂದು ನಿಮಿಷ ಆಯ್ತು, ಬಿದ್ದಿದ್ದು ನಾಲ್ಕು ಹನಿ. ಮುಂದಿನ ಕಂಬಕ್ಕೆ ಹೋಗುತ್ತೆ, ಮತ್ತೆ ಕಾಲೆತ್ತುತ್ತೆ, ಮತ್ತೆ ಅಷ್ಟೇ.

ಗಂಡು ಡಾಲ್ಮೇಷಿಯನ್ ಹೀಗೆ ಮಾಡಿದರೆ ನಾಳೆ ನೋಡೋಣ ಅನ್ನಬೇಡಿ. ಗಂಡು ನಾಯಿಯ ಶಿಶ್ನದೊಳಗೆ ಒಂದು ಮೂಳೆ ಇರುತ್ತೆ. ಮೂತ್ರನಾಳ ಆ ಮೂಳೆಯ ತೋಡಿನಲ್ಲಿ ಹಾದುಹೋಗುವುದರಿಂದ ಅಲ್ಲಿ ಅದು ಹಿಗ್ಗಲ್ಲ. ಮೂತ್ರಕೋಶದಿಂದ ಜಾರಿ ಬಂದ ಕಲ್ಲು ಸಿಕ್ಕಿಕೊಳ್ಳೋದು ಆ ಜಾಗದಲ್ಲೇ. ಪೂರ್ತಿ ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಜೀವಕ್ಕೇ ಕುತ್ತು. ಇನ್ನೊಂದು ವಿಷಯ: ಇದು ಯೂರೇಟ್ ಕಲ್ಲು, ಮಾಮೂಲಿ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣೋದೇ ಇಲ್ಲ. ಎಕ್ಸ್‌ರೇಯಲ್ಲಿ ಏನೂ ಇಲ್ಲ ಅಂತ ಮನೆಗೆ ವಾಪಸ್ ಬರಬೇಡಿ, ಸ್ಕ್ಯಾನಿಂಗ್ ಮಾಡಿಸಿ.

ಕಲ್ಲು ಯಾಕೆ ಬರುತ್ತೆ? ಬಹುಪಾಲು ನಾಯಿಗಳ ಲಿವರ್ ಯೂರಿಕ್ ಆಸಿಡನ್ನು ಅಲಂಟಾಯಿನ್ ಅನ್ನೋ ವಸ್ತುವಾಗಿ ಮಾರ್ಪಡಿಸುತ್ತೆ. ಅದು ನೀರಲ್ಲಿ ಸಲೀಸಾಗಿ ಕರಗಿ ಹೊರಗೆ ಹೋಗುತ್ತೆ. ಡಾಲ್ಮೇಷಿಯನ್ ಲಿವರ್‌ನಲ್ಲೂ ಆ ಕೆಲಸ ಮಾಡುವ ಕಿಣ್ವ ಇದೆ. ಕೆಟ್ಟಿರೋದು ಯೂರಿಕ್ ಆಸಿಡನ್ನು ಜೀವಕೋಶದೊಳಗೆ ಬಿಟ್ಟುಕೊಳ್ಳುವ ಬಾಗಿಲು. ಗಿರಣಿ ಸುಸ್ಥಿತಿಯಲ್ಲಿದೆ, ಜೋಳ ಮಾತ್ರ ಹೊರಗೇ ಬಿದ್ದಿದೆ. ಆ ಬಾಗಿಲಿನ ಜೀನ್ ಹೆಸರು ಎಸ್‌ಎಲ್‌ಸಿ2ಎ9. ದೋಷ ಇರೋದು ಈ ಜೀನಿನಲ್ಲೇ ಅಂತ ಕಂಡುಹಿಡಿದಿದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಡ್ಯಾನಿಕಾ ಬನ್ನಾಶ್ ಅವರ ತಂಡ, 2008ರಲ್ಲಿ.

ತಾಯಿಯಿಂದ ಒಂದು, ತಂದೆಯಿಂದ ಒಂದು, ಎರಡೂ ಪ್ರತಿ ಕೆಟ್ಟಿದ್ದರೆ ಮಾತ್ರ ಯೂರಿಕ್ ಆಸಿಡ್ ಏರುತ್ತೆ. ಏರಿದ ನಾಯಿಗಳಿಗೆಲ್ಲ ಕಲ್ಲು ಬರಲ್ಲ. ಬಂದವುಗಳಲ್ಲಿ ಗಂಡೇ ಹೆಚ್ಚು. ಬೇರೆ ತಳಿಯಾಗಿದ್ದರೆ ಪರೀಕ್ಷೆ ಮಾಡಿಸಿ, ಒಳ್ಳೆಯ ಪ್ರತಿ ಇರೋ ಜೋಡಿ ಹುಡುಕಬಹುದಿತ್ತು. ಇಲ್ಲಿ ಹುಡುಕೋಕೆ ಒಂದೂ ಇರಲಿಲ್ಲ. ಇಡೀ ಶುದ್ಧ ತಳಿಯಲ್ಲಿ ಎರಡೂ ಪ್ರತಿ ಕೆಟ್ಟಿದ್ದವು.

[ದೃಶ್ಯ: ಪೆಡಿಗ್ರೀ ಪಟ್ಟಿ, ಒಂದು ಹೆಸರಿನ ಸುತ್ತ ಕೆಂಪು ಗೆರೆ]

ನೋಂದಣಿ ನಿಯಮ ಅಡ್ಡ ಬಂದಿದ್ದು ಇಲ್ಲೇ. ನಾಯಿ ತಳಿಗಳನ್ನು ನೋಂದಾಯಿಸುವ ಕೆನಲ್ ಕ್ಲಬ್ಬಿನ ತಳಿ ಪುಸ್ತಕ ಮುಚ್ಚಿದ ಪುಸ್ತಕ: ಅಪ್ಪ ಅಮ್ಮ ಇಬ್ಬರೂ ಅದೇ ತಳಿಯ ಹೆಸರಲ್ಲಿ ನೋಂದಾಯಿತರಾಗಿದ್ದರೆ ಮಾತ್ರ ಮರಿಗೆ ಜಾಗ. 1973ರಲ್ಲಿ ಅಮೆರಿಕದ ತಳಿವಿಜ್ಞಾನಿ ರಾಬರ್ಟ್ ಶೈಬಲ್ ಒಂದು ಡಾಲ್ಮೇಷಿಯನ್ ಹೆಣ್ಣಿಗೆ, ಒಳ್ಳೆಯ ಪ್ರತಿ ಇರೋ ಪಾಯಿಂಟರ್ ಅನ್ನೋ ಬೇರೆ ತಳಿಯ ಗಂಡನ್ನು ಕ್ರಾಸ್ ಮಾಡಿಸಿದರು. ಒಂದೇ ಸಲ. ಆಮೇಲೆ ಪ್ರತಿ ಸೂಲಿನಲ್ಲೂ ಯೂರಿಕ್ ಆಸಿಡ್ ಕಡಿಮೆ ಇರೋ ಮರಿಯನ್ನೇ ಆರಿಸಿ, ಮತ್ತೆ ಮತ್ತೆ ಶುದ್ಧ ಡಾಲ್ಮೇಷಿಯನ್‌ಗೇ ಕೂಡಿಸುತ್ತಾ ಹೋದರು. ಪ್ರತಿ ತಲೆಮಾರಿಗೂ ಪಾಯಿಂಟರ್ ಪಾಲು ಅರ್ಧಕ್ಕಿಳಿಯುತ್ತೆ. ಐದು ತಲೆಮಾರಿನಲ್ಲಿ ಸರಾಸರಿ 32ರಲ್ಲಿ ಒಂದು ಪಾಲು.

1981ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ ಇಂಥ ಎರಡು ನಾಯಿಗಳನ್ನು ನೋಂದಾಯಿಸಿತು. ತಳಿ ಸಂಘದವರು ತಿರುಗಿಬಿದ್ದರು, ನೋಂದಣಿ ನಿಂತುಹೋಯ್ತು. ಅವರ ವಾದ ರಕ್ತದ ಶುದ್ಧತೆಯದ್ದು, ಚುಕ್ಕೆಯದ್ದು. ಮೂತ್ರ ಕಟ್ಟಿ ನರಳುವ ನಾಯಿಯ ಎದುರು ಇದೊಂದು ವಾದವೇ ಅನಿಸುತ್ತೆ, ಇರಲಿ. ಬ್ರಿಟನ್ನಿನ ಕೆನಲ್ ಕ್ಲಬ್ 2010ರಲ್ಲಿ ಇಂಥದ್ದೊಂದು ಹೆಣ್ಣುನಾಯಿಯನ್ನು ನೋಂದಾಯಿಸಿತು, 2011ರಲ್ಲಿ ಅಮೆರಿಕದವರೂ ಒಪ್ಪಿದರು.

[ದೃಶ್ಯ: ಕೆನ್ನೆಯೊಳಗೆ ಸ್ವಾಬ್ ಉಜ್ಜುತ್ತಿರುವುದು, ಹತ್ತಿರದಿಂದ]

ಈಗ ಈ ಜೀನಿನ ಡಿಎನ್‌ಎ ಪರೀಕ್ಷೆ. ಮೊದಲು ಮೈಕ್ರೋಚಿಪ್ ಸ್ಕ್ಯಾನ್ ಮಾಡಿ 15 ಅಂಕಿಯನ್ನು ಫಾರಂ ಮೇಲೆ ಬರೆದುಕೊಳ್ಳಿ. ಸ್ವಾಬನ್ನು ಕೆನ್ನೆ ಮತ್ತು ವಸಡಿನ ಮಧ್ಯೆ ಇಟ್ಟು, ಸುಮಾರು ಅರ್ಧ ನಿಮಿಷ ತಿರುಗಿಸುತ್ತಾ ಉಜ್ಜಿ. ಜೊಲ್ಲು ಮೆತ್ತಿದರೆ ಸಾಲದು, ಒಳಚರ್ಮದ ಕೋಶಗಳು ಬರಬೇಕು. ಗಾಳಿಗೆ ಒಣಗಿಸಿ ಕಾಗದದ ಕವರಿಗೆ ಹಾಕಿ. ಪ್ಲಾಸ್ಟಿಕ್‌ನಲ್ಲಿ ಒದ್ದೆ ಸ್ವಾಬ್ ಬೂಸ್ಟು ಹಿಡಿಯುತ್ತೆ, ಮಳೆಗಾಲದಲ್ಲಂತೂ ಕೇಳೋದೇ ಬೇಡ.

ಹೆಚ್ಚು ಎಡವಟ್ಟಾಗೋದು ಹಾಲು ಕುಡಿಯೋ ಮರಿಗಳಲ್ಲಿ. ಈಗಷ್ಟೇ ಹಾಲು ಕುಡಿದ ಮರಿಯ ಬಾಯಲ್ಲಿ ತಾಯಿಯ ಕೋಶಗಳೂ ಇರುತ್ತವೆ. ತಾಯಿಗೆ ಒಂದು ಒಳ್ಳೆಯ ಪ್ರತಿ ಇದ್ದು ಮರಿಗೆ ಎರಡೂ ಕೆಟ್ಟಿದ್ದರೆ, ಮರಿಗೂ ಒಳ್ಳೆಯದಿದೆ ಅಂತ ವರದಿ ಬಂದುಬಿಡಬಹುದು. ಒಂದೆರಡು ಗಂಟೆ ತಾಯಿಯಿಂದ ಬೇರೆ ಇಟ್ಟು, ಆಮೇಲೆ ಸ್ವಾಬ್ ತೆಗೆಯಿರಿ.

ವರದಿಯಲ್ಲಿ ಎನ್ ಅಂದರೆ ಒಳ್ಳೆಯ ಪ್ರತಿ, ಎಚ್‌ಯು ಅಂದರೆ ಕೆಟ್ಟದ್ದು. ಎನ್/ಎಚ್‌ಯು ನಾಯಿಯನ್ನು ಎಚ್‌ಯು/ಎಚ್‌ಯು ನಾಯಿಗೆ ಕೂಡಿಸಿದರೆ ಸರಾಸರಿ ಅರ್ಧ ಮರಿಗಳು ಪಾರು. ಸರಾಸರಿ ಅಂದೆ: ಎಂಟು ಮರಿಗಳಲ್ಲಿ ಆರೂ ಬರಬಹುದು, ಎರಡೂ ಬರಬಹುದು, ಆದ್ದರಿಂದ ಪ್ರತಿ ಮರಿಯದ್ದೂ ಪರೀಕ್ಷೆ ಆಗಲೇಬೇಕು. ಎನ್/ಎನ್ ನಾಯಿಯಾದರೆ ಜೋಡಿ ಯಾವುದೇ ಇರಲಿ, ಮರಿಗಳೆಲ್ಲ ಪಾರು.

ಬೆಂಗಳೂರಲ್ಲೋ ಹುಬ್ಬಳ್ಳಿಯಲ್ಲೋ ಮರಿ ಕೊಳ್ಳೋರು ಒಂದು ಗಮನಿಸಿ. ಕೆಸಿಐ, ಅಂದರೆ ಕೆನಲ್ ಕ್ಲಬ್ ಆಫ್ ಇಂಡಿಯಾದ ಸರ್ಟಿಫಿಕೇಟ್ ಹೇಳೋದು ವಂಶ, ಮೂತ್ರದ ವಿಷಯವನ್ನಲ್ಲ. ತಂದೆತಾಯಿಯ ಡಿಎನ್‌ಎ ವರದಿ ಕೊಡದಿದ್ದರೆ ಮರಿಯನ್ನು ಎಚ್‌ಯು/ಎಚ್‌ಯು ಅಂತಲೇ ಲೆಕ್ಕ ಹಾಕಿ. ಕೊಟ್ಟರೆ, ವರದಿ ಮೇಲಿನ ಚಿಪ್ ನಂಬರನ್ನೂ ಸರ್ಟಿಫಿಕೇಟಿನ ನಂಬರನ್ನೂ ಪಕ್ಕಪಕ್ಕ ಇಟ್ಟು ಒಂದೊಂದೇ ಅಂಕಿ ಓದಿ. 2017ರ ಕೇಂದ್ರ ನಿಯಮಗಳ ಪ್ರಕಾರ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು, ಎಂಟು ವಾರಕ್ಕೆ ಮುಂಚೆ ಮರಿ ಕೊಡುವ ಹಾಗಿಲ್ಲ.

ಮನೆಯಲ್ಲಿ ಆಗಲೇ ಡಾಲ್ಮೇಷಿಯನ್ ಇದ್ದರೆ? ಕೋಳಿ ಲಿವರ್ ಬೇಯಿಸಿ ಅನ್ನಕ್ಕೆ ಕಲಸಿ ಹಾಕೋದು ನಿಲ್ಲಿಸಿ. ಲಿವರ್, ಕಿಡ್ನಿಗಳಲ್ಲಿ ಪ್ಯೂರಿನ್ ಜಾಸ್ತಿ, ಅದೇ ಯೂರಿಕ್ ಆಸಿಡ್ ಆಗೋದು. ಊಟಕ್ಕೇ ನೀರು ಬೆರೆಸಿ ತೆಳ್ಳಗೆ ಮಾಡಿ. ಹೊರಗೆ ಬಿಡೋದು ದಿನಕ್ಕೆರಡು ಸಲ ಸಾಲದು, ನಾಲ್ಕೈದು ಸಲ ಬಿಡಿ. ಬಿಟ್ಟಾಗ ಫೋನ್ ನೋಡದೆ ಮೂತ್ರದ ಧಾರೆ ನೋಡಿ.