ಚಾರ್ಡ್‌ನ ಎರಡು ಪದಕಗಳು

ಕೇಳುಗರಿಗೆ ನಮಸ್ಕಾರ.

1972ರಲ್ಲಿ ಇಂಗ್ಲೆಂಡಿನ ಹರಾಜೊಂದರಲ್ಲಿ ಎರಡು ಪದಕಗಳು ಒಟ್ಟಿಗೆ ಬಿಕರಿಯಾದವು. ಬೆಳ್ಳಿಯದು ಅಸಲಿ, ಕಂಚಿನದು ನಕಲು ಎಂದು ನಂಬಿಯೇ ನಟ ಸ್ಟಾನ್ಲಿ ಬೇಕರ್ 2,700 ಪೌಂಡ್ ಕೊಟ್ಟು ಜೋಡಿಯನ್ನು ಕೊಂಡರು. ಪದಕಗಳ ಮೂಲ ಒಡೆಯ ಜಾನ್ ಚಾರ್ಡ್ ಎಂಬ ಬ್ರಿಟಿಷ್ ಸೈನ್ಯಾಧಿಕಾರಿ. 1964ರ 'ಜುಲು' ಚಿತ್ರದಲ್ಲಿ ಅವನ ಪಾತ್ರ ಮಾಡಿದವರೂ ಬೇಕರ್ ಅವರೇ.

ಮೊದಲು ಬೆಳ್ಳಿಯದನ್ನು ನೋಡೋಣ. ಅದು ದಕ್ಷಿಣ ಆಫ್ರಿಕಾ ಯುದ್ಧದ ಪದಕ. ಒಂದು ಬದಿಗೆ ವಿಕ್ಟೋರಿಯಾ ರಾಣಿಯ ಮುಖ. ಇನ್ನೊಂದು ಬದಿಗೆ ಪೊದೆಯ ಮುಂದೆ ತಲೆ ಬಾಗಿಸಿದ ಸಿಂಹ, ಅದರ ಕೆಳಗೆ ಗುರಾಣಿ ಮತ್ತು ಈಟಿಗಳು. ಗುರಾಣಿ, ಈಟಿಗಳೇನೋ ಆಫ್ರಿಕದವರವು. ಪದಕ ಏರಿದ್ದು ಮಾತ್ರ ಅವರ ಎದುರಾಳಿಗಳ ಎದೆಗೆ. ಕಿತ್ತಳೆ ರಿಬ್ಬನ್ನಿನ ಮೇಲೆ '1879' ಎಂದು ಬರೆದ ಪುಟ್ಟ ಬೆಳ್ಳಿ ಪಟ್ಟಿ. ಇಸವಿ ಇದೆ, ಕದನದ ಹೆಸರಿಲ್ಲ. ಯಾರ ಪದಕ ಎಂದು ತಿಳಿಯಲು ಅಂಚನ್ನು ತಿರುಗಿಸಿ ನೋಡಬೇಕು.

ಆ ವರ್ಷದ ಜನವರಿಯಲ್ಲಿ ಬ್ರಿಟಿಷರು ಜುಲು ರಾಜ್ಯದ ಮೇಲೆ ದಂಡೆತ್ತಿ ಹೋದರು. ರಾಯಲ್ ಎಂಜಿನಿಯರ್ಸ್ ದಳದ ಲೆಫ್ಟಿನೆಂಟ್ ಚಾರ್ಡ್ ಅಲ್ಲಿಗೆ ಬಂದದ್ದು ಕಾದಾಡುವುದಕ್ಕಲ್ಲ, ಬಫೆಲೊ ನದಿ ದಾಟಿಸುವ ದೋಣಿಗಳನ್ನು ರಿಪೇರಿ ಮಾಡಿಸುವುದಕ್ಕೆ. 22ರಂದು ಇಸಾಂಡ್ಲ್ವಾನದಲ್ಲಿ ಬ್ರಿಟಿಷ್ ಪಡೆ ನುಚ್ಚುನೂರಾಯಿತು. ಅದೇ ಮಧ್ಯಾಹ್ನ ಮೂರು ನಾಲ್ಕು ಸಾವಿರ ಜುಲು ಯೋಧರು ಆ ನದಿಯ ಬಳಿ ಚಾರ್ಡ್ ಇದ್ದ ರೋರ್ಕ್ಸ್ ಡ್ರಿಫ್ಟ್ ಠಾಣೆಯತ್ತ ಹೊರಟರು. ಅಲ್ಲಿದ್ದವರು ಸುಮಾರು ನೂರೈವತ್ತು ಮಂದಿ, ಅವರಲ್ಲಿ ರೋಗಿಗಳೂ ಇದ್ದರು. ಇನ್ನೊಬ್ಬ ಲೆಫ್ಟಿನೆಂಟ್ ಬ್ರೋಮ್‌ಹೆಡ್‌ಗಿಂತ ಮೂರು ವರ್ಷ ಮೊದಲು ಲೆಫ್ಟಿನೆಂಟ್ ಆಗಿದ್ದನೆಂಬ ಕಾರಣಕ್ಕೆ ಹೊಣೆ ಚಾರ್ಡ್‌ನ ಹೆಗಲಿಗೆ ಬಿತ್ತು. ಉಗ್ರಾಣದಲ್ಲಿದ್ದದ್ದು ಮೆಕ್ಕೆಜೋಳದ ಮೂಟೆ, ಬಿಸ್ಕತ್ತಿನ ಪೆಟ್ಟಿಗೆ. ಅವನ್ನೇ ಒಟ್ಟಿ ಗೋಡೆ ಕಟ್ಟಿದರು. ಆಸ್ಪತ್ರೆ ಹೊತ್ತಿ ಉರಿಯಿತು. ಕಾದಾಟ ರಾತ್ರಿಯೆಲ್ಲ ನಡೆಯಿತು. ಬೆಳಗಾಗುವಾಗ ಗೋಡೆ ನಿಂತಿತ್ತು, ಅದರಾಚೆ ನೂರಾರು ಜುಲು ಯೋಧರ ಹೆಣಗಳಿದ್ದವು. ಠಾಣೆಯವರಲ್ಲಿ ಚಾರ್ಡ್ ಸೇರಿ ಹನ್ನೊಂದು ಮಂದಿಗೆ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ಇಸಾಂಡ್ಲ್ವಾನದ ಅವಮಾನವನ್ನು ಮರೆಮಾಚಲು ಸರ್ಕಾರಕ್ಕೂ ಒಂದು ಗೆಲುವು ಬೇಕಿತ್ತೆನ್ನಿ.

ಕ್ರಾಸನ್ನು ಚಾರ್ಡ್‌ನ ಎದೆಗೆ ಚುಚ್ಚಿದ ಜನರಲ್ ವುಲ್ಸ್ಲಿ, ಇಂಥ ಮಂಕನನ್ನು ತಾನು ನೋಡಿಯೇ ಇಲ್ಲ ಎಂಬ ಅರ್ಥದಲ್ಲಿ ಬರೆದಿಟ್ಟ. ರಾಣಿಗೆ ಮಾತ್ರ ಆ ಮಿತಭಾಷಿ ಹಿಡಿಸಿದ. ಅವನನ್ನು ಬಾಲ್ಮೊರಲ್‌ಗೆ ಕರೆಸಿಕೊಂಡಳು. ಲೆಫ್ಟಿನೆಂಟ್ ಕ್ಯಾಪ್ಟನ್ ಆದ, ಗೌರವಾರ್ಥ ಮೇಜರೂ ಆದ. ಮುಂದೆ ಸೈಪ್ರಸ್, ಸಿಂಗಪುರ, ಸ್ಕಾಟ್ಲೆಂಡಿನ ಪರ್ತ್ ಎಂದು ಸದ್ದಿಲ್ಲದ ನೌಕರಿ. ಕರ್ನಲ್ ಆಗಿ ನಿವೃತ್ತನಾದ ವರ್ಷವೇ, 1897ರಲ್ಲಿ, ನಾಲಿಗೆಯ ಕ್ಯಾನ್ಸರ್‌ನಿಂದ ತೀರಿಕೊಂಡ. ಆಗ ಅವನಿಗೆ ಐವತ್ತೂ ತುಂಬಿರಲಿಲ್ಲ.

ಇನ್ನು ಕಂಚಿನ ಪದಕ, ಅಂದರೆ ವಿಕ್ಟೋರಿಯಾ ಕ್ರಾಸ್. 1990ರ ದಶಕದಲ್ಲಿ ಆ 'ನಕಲು' ಮತ್ತೆ ಮಾರಾಟಕ್ಕೆ ಬಂತು. ಯಾವುದಕ್ಕೂ ಇರಲಿ ಎಂದು ಲೋಹವನ್ನು ಪರೀಕ್ಷೆಗೆ ಕೊಟ್ಟರು. ವಿಕ್ಟೋರಿಯಾ ಕ್ರಾಸ್ ಮಾಡಲೆಂದೇ ಸೈನ್ಯ ಜೋಪಾನ ಮಾಡಿಟ್ಟಿರುವ ಕಂಚಿನ ಗಟ್ಟಿಯೊಂದಿದೆ. ಪದಕದ ಲೋಹ ಅದಕ್ಕೆ ತಾಳೆಯಾಯಿತು. ಅದು ಚಾರ್ಡ್ ತೊಟ್ಟಿದ್ದ ಅಸಲಿ ಪದಕವೇ ಆಗಿತ್ತು. ಬೇಕರ್ 1976ರಲ್ಲೇ ತೀರಿಕೊಂಡಿದ್ದರು. ತಮ್ಮ ಮನೆಯಲ್ಲಿದ್ದದ್ದು ಏನೆಂದು ಅವರಿಗೆ ತಿಳಿಯಲೇ ಇಲ್ಲ.

ನಮಸ್ಕಾರ.