ಅಪ್ಪನಿಗಿದ್ದರೆ ಮಗಳಿಗೂ ಬರುತ್ತದಾ?

ಕೇಳುಗರಿಗೆ ನಮಸ್ಕಾರ. ಬೈಪೋಲಾರ್ ಕಾಯಿಲೆ ಇರುವ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆ ಇದು. ಕೆಲವು ದಿನ ನಿದ್ದೆಯೇ ಬೇಡ ಅನ್ನುವಷ್ಟು ಹುರುಪು, ಮಾತೋ ಮಾತು, ಕೈಮೀರಿದ ಖರ್ಚು. ಇನ್ನು ಕೆಲವು ದಿನ ಹಾಸಿಗೆಯಿಂದ ಏಳಲಾಗದ ಖಿನ್ನತೆ. ಅಪ್ಪನನ್ನು ಹೀಗೆ ನೋಡುತ್ತಾ ಬೆಳೆದ ಮಗಳು ತನ್ನ ಬಗ್ಗೆ ಹೆದರುವುದು ಸಹಜ ಅಲ್ವಾ?

ಈ ಕಾಯಿಲೆ ನೂರು ಜನರಲ್ಲಿ ಒಬ್ಬಿಬ್ಬರಿಗೆ ಬರುತ್ತದೆ. ಹೆತ್ತವರಿಗೋ ಒಡಹುಟ್ಟಿದವರಿಗೋ ಇದ್ದರೆ, ನೂರರಲ್ಲಿ ಸುಮಾರು 5ರಿಂದ 10 ಜನರಿಗೆ. ಜಾಸ್ತಿ ಹೌದು. ಆದರೆ ಉಳಿದ ತೊಂಬತ್ತು-ತೊಂಬತ್ತೈದು ಜನರಿಗೆ ಬರುವುದಿಲ್ಲ ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಒಂದೇ ರೂಪದ ಅವಳಿಗಳಲ್ಲಿ ಒಬ್ಬರಿಗೆ ಬಂದರೂ ಇನ್ನೊಬ್ಬರಿಗೆ ಬಂದೇ ತೀರುತ್ತದೆ ಎಂದಿಲ್ಲ.

ಇದಕ್ಕೆ ಒಂದೇ ಜೀನ್ ಕಾರಣ ಇರಬಹುದೆಂದು ವಿಜ್ಞಾನಿಗಳೂ ಒಮ್ಮೆ ನಂಬಿದ್ದರು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಆಮಿಶ್ ಎಂಬ ಸಮುದಾಯವಿದೆ. ದೊಡ್ಡ ಕುಟುಂಬಗಳು, ತಮ್ಮೊಳಗೇ ಮದುವೆ, ತಲೆಮಾರುಗಳಿಂದ ಬರೆದಿಟ್ಟ ವಂಶಾವಳಿ. ಜಾನಿಸ್ ಎಗ್ಲಂಡ್ ಮತ್ತು ಸಂಗಡಿಗರು ಅಲ್ಲಿನ ಒಂದು ಕುಟುಂಬವನ್ನು ಪರೀಕ್ಷಿಸಿ, ಜೀನ್‌ಗಳನ್ನು ಹೊತ್ತ ಎಳೆಗಳಲ್ಲಿ ಒಂದಾದ 11ನೇ ಕ್ರೋಮೋಸೋಮಿನಲ್ಲಿ ಕಾಯಿಲೆಯ ಸುಳಿವು ಸಿಕ್ಕಿತೆಂದು 1987ರಲ್ಲಿ ಪ್ರಕಟಿಸಿದರು. ದೊಡ್ಡ ಸುದ್ದಿಯಾಯಿತು. ಆಮೇಲೆ ಅದೇ ಕುಟುಂಬದಲ್ಲಿ ಚೆನ್ನಾಗಿದ್ದ ಇಬ್ಬರಿಗೆ ಕಾಯಿಲೆ ಕಾಣಿಸಿಕೊಂಡಿತು. ಇನ್ನಷ್ಟು ನೆಂಟರನ್ನೂ ಸೇರಿಸಿ ಮತ್ತೆ ಲೆಕ್ಕ ಹಾಕಿದರೆ ಆ ಸುಳಿವು ನಿಲ್ಲಲಿಲ್ಲ. 1989ರಲ್ಲಿ ಅದನ್ನೂ ಪ್ರಕಟಿಸಿದರು. ಆ ಪ್ರಾಮಾಣಿಕತೆ ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ.

ಈಗ ಲಕ್ಷಾಂತರ ಜನರ ಡಿಎನ್‌ಎ ಹೋಲಿಸಿ, ಅದರಲ್ಲಿ ಈ ಕಾಯಿಲೆಯ ನಂಟಿರುವ ಸುಮಾರು 300 ಜಾಗಗಳನ್ನು ಗುರುತಿಸಿದ್ದಾರೆ. ಒಂದೊಂದರ ಪಾಲೂ ಚಿಕ್ಕದು. ಹಾಗಾಗಿ ರಕ್ತ ಪರೀಕ್ಷೆ ಮಾಡಿಸಿ ನಿಮಗೆ ಬರುತ್ತದೋ ಇಲ್ಲವೋ ಎಂದು ಹೇಳಲು ಇವತ್ತಿಗೂ ಆಗುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಒಂದೇ ಮನೆಯ ಹಲವರಿಗೆ ಮಾನಸಿಕ ಕಾಯಿಲೆ ಇರುವ ಕುಟುಂಬಗಳ ಅಧ್ಯಯನ ನಡೆದಿದೆ.

ನಮ್ಮಲ್ಲಿ ಸಂಬಂಧ ತಪ್ಪೀತೆಂದು ಇದನ್ನೆಲ್ಲ ಮುಚ್ಚಿಡುತ್ತಾರೆ. ಆ ಭಯ ಸುಮ್ನೆ ಹುಟ್ಟಿದ್ದಲ್ಲ. ಆದರೆ ಡಾಕ್ಟರ ಹತ್ತಿರ ಮಾತ್ರ ಮುಚ್ಚಿಡಬೇಡಿ. ಈ ಕಾಯಿಲೆ ಎಷ್ಟೋ ಸಲ ಹರೆಯದಲ್ಲಿ, ಬರೀ ಖಿನ್ನತೆಯಾಗಿ ಶುರುವಾಗುತ್ತದೆ. ಆಗ ಖಿನ್ನತೆಯ ಮಾತ್ರೆ ಒಂದನ್ನೇ ಕೊಟ್ಟರೆ ಕೆಲವರಿಗೆ ಉನ್ಮಾದ, ಅಂದರೆ ಮೊದಲು ಹೇಳಿದ ಆ ಅತಿ ಹುರುಪು, ಕೆರಳಬಹುದು. ಅಪ್ಪನಿಗೆ ಹೀಗಾಗಿತ್ತು ಎಂದರೆ ಡಾಕ್ಟರು ಬೇರೆ ಥರ ಯೋಚಿಸುತ್ತಾರೆ. ಅಪ್ಪನಿಗೆ ಈ ಕಾಯಿಲೆಗೆ ಕೊಡುವ ಲಿಥಿಯಂ ಎಂಬ ಔಷಧಿ ಚೆನ್ನಾಗಿ ಹಿಡಿದಿತ್ತಾದರೆ ಅದನ್ನೂ ಹೇಳಿ. ಆ ಗುಣವೂ ಕುಟುಂಬಗಳಲ್ಲಿ ಹರಿದು ಬರುವುದುಂಟು.

ಯಾರನ್ನು ಕೇಳುವುದೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು.